ಕೊನೆಯಲ್ಲಿ ನಿಲ್ಲಿಸಿದ ಅಣ್ಣ

ನನಗೆ ಟಿ.ಬಿ. ಬರಲು ಸಾಧ್ಯವೇ ಇಲ್ಲ ಎಂದವನು ನಾನೇ. ನಮ್ಮ ವಂಶದಲ್ಲಿ ಮೊದಲು ಬಿ.ಎಸ್ಸಿ. ಮಾಡಿದವನು. ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾದವನು. ಪೀಣ್ಯದ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರ್. ನೀರು ಕುದಿಸದೆ ಕುಡಿದವನಲ್ಲ.

ಹಾಗಾಗಿ ಹೋದ ಮಳೆಗಾಲದಲ್ಲಿ ಮನೆಯೊಳಗೆ ಕೆಮ್ಮು ಶುರುವಾದಾಗ ನನ್ನ ಕಣ್ಣು ಹೋದದ್ದು ಅಣ್ಣ ದಾನಪ್ಪನ ಮೇಲೆ. ಅವನು ಫೌಂಡ್ರಿಯಲ್ಲಿ ಎರಕ ಹೊಯ್ಯುವ ಕೆಲಸಗಾರ. ನಮ್ಮ ಜೊತೆಗೇ ಇದ್ದ. ಅವನೂ ಕೆಮ್ಮುತ್ತಿದ್ದ, ನಾನೂ ಕೆಮ್ಮುತ್ತಿದ್ದೆ. ನನ್ನದು ಶೀತ, ಅವನದು ಟಿ.ಬಿ. ಎಂದು ನಾನೇ ತೀರ್ಮಾನಿಸಿದೆ. ಅವನ ಲೋಟ ಬೇರೆ ಮಾಡಿಸಿದೆ. ಅವನು ಉಗುಳಿದ ಕಡೆ ಹೋಗಿ ರಕ್ತವಿದೆಯೇ ಎಂದು ನೋಡಿ ಬರುತ್ತಿದ್ದೆ.

ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಚರ್ಚಿನಲ್ಲಿ ಪ್ರಭುಭೋಜನದ ದಿನ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುತ್ತೇವೆ. ಸಭಾಪಾಲಕರ ಬಳಿ ಹೋದೆ.

"ಅಯ್ನೋರೆ, ನಮ್ಮಣ್ಣನ್ನ ಕೊನೇಲಿ ನಿಲ್ಸಿ. ಎಲ್ರೂ ಕುಡಿದ್ಮೇಲೆ ಕೊಡಿ."

"ಡಾಕ್ಟ್ರು ಹೇಳಿದ್ರೇನಪ್ಪಾ?"

"ನಾನು ಸೈನ್ಸ್ ಓದಿದೀನಿ."

ಆ ಭಾನುವಾರ ಅಣ್ಣ ಎಲ್ಲರ ಹಿಂದೆ ಒಬ್ಬನೇ ನಿಂತ. ಕುಡಿದ. ಸಂಜೆ ಟ್ರಂಕು ಎತ್ತಿಕೊಂಡು ದಾಸರಹಳ್ಳಿಯ ಬಾಡಿಗೆ ರೂಮಿಗೆ ಹೊರಟ.

"ನಿನ್ ಮನೆ ಒಸ್ಲು ಇನ್ ತುಳಿಯಲ್ಲ ಕಣೋ."

ಮೂರು ವಾರದ ಬಳಿಕ ನನ್ನ ಕರ್ಚೀಫಿನಲ್ಲಿ ರಕ್ತ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. ಸ್ಪ್ಯೂಟಮ್ ಪಾಸಿಟಿವ್, ಕಫದಲ್ಲಿ ಟಿ.ಬಿ. ಕ್ರಿಮಿ ಇದೆ ಎಂದರು. ಮನೆಯಲ್ಲಿದ್ದವರೆಲ್ಲ ಪರೀಕ್ಷೆಗೆ ಬರಬೇಕೆಂದರು. ಹೆಂಡತಿ ಹೇಳಿಕಳಿಸಿದ್ದಕ್ಕೆ ಅಣ್ಣನೂ ಬಂದ. ಅವನ ಎದೆಯಲ್ಲಿ ಟಿ.ಬಿ. ಇರಲಿಲ್ಲ. ಅದು ಫೌಂಡ್ರಿ ಧೂಳಿನ ಕೆಮ್ಮು.

ನಾನು ಆಗಲೂ ನಂಬಲಿಲ್ಲ. "ಫಿಲಂ ಅದಲುಬದಲಾಗಿರ್ಬೇಕು ಸಾರ್. ಇಬ್ರದೂ ಒಂದೇ ಇನಿಷಿಯಲ್."

ಡಾಕ್ಟರು ಕನ್ನಡಕ ತೆಗೆದರು. "ಕಫಾನೂ ಅದಲುಬದಲಾಯ್ತೇನ್ರೀ?"

ಪ್ರಭುಭೋಜನದ ಆ ಪಾತ್ರೆಗೆ ಅಣ್ಣನಿಗಿಂತ ಮೊದಲು ಬಾಯಿಟ್ಟವನು ನಾನು.

ಸಭಾಪಾಲಕರಿಗೆ ಹೇಳಿಕಳಿಸಿದೆ: ರೋಗ ನನ್ನದು, ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಅಣ್ಣತಮ್ಮಂದಿರ ಕಣ್ಣಿನ ರವೆಯಷ್ಟು ಕಸ ಹುಡುಕುವವನಿಗೆ ತನ್ನ ಕಣ್ಣಿನ ತೊಲೆ ಕಾಣದು ಎಂಬ ಯೇಸುವಿನ ಮಾತನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದಿದ್ದೆ. ತೊಲೆಯವನು ಯಾರೋ ಬೇರೆಯವನು ಎಂದೇ ಎಣಿಸಿದ್ದೆ. ಕಾರ್ಖಾನೆಯಲ್ಲಿ ಇನ್ನೊಬ್ಬರ ಮಾಲು ರಿಜೆಕ್ಟ್ ಮಾಡುವ ಅಳತೆಯ ಗೇಜನ್ನು ಮೊದಲು ಪರೀಕ್ಷೆ ಮಾಡಿಸುತ್ತಿದ್ದೆ. ನನ್ನ ಎದೆಯನ್ನು ಮಾಡಿಸಿರಲಿಲ್ಲ.

ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ನಡೆದರೆ ನೆಲ ಓಲಾಡುತ್ತಿತ್ತು. ಆಗ ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ಅಣ್ಣ ದಿನಾ ಸೈಕಲ್ ತಂದು ಗೇಟಿನ ಹೊರಗೆ ಬೆಲ್ ಹೊಡೆಯತೊಡಗಿದ. ಒಳಗೆ ಬರುತ್ತಿರಲಿಲ್ಲ. ಹೆಂಡತಿ ಕಾಫಿ ತಂದರೆ "ಬೇಡ ಕಣಮ್ಮ" ಎನ್ನುತ್ತಿದ್ದ. ನನ್ನನ್ನು ನಾಚಿಸುವುದಕ್ಕೇ ಬರುತ್ತಿದ್ದಾನೆ ಎಂದು ಅನುಮಾನ. ಆಸ್ಪತ್ರೆಯಲ್ಲಿ ಯಾರ ಹತ್ತಿರ ನನ್ನ ಸುದ್ದಿ ಹೇಳುತ್ತಾನೋ ಎಂದು ಕಿವಿಗೊಡುತ್ತಿದ್ದೆ. ಹಾಳು ಬುದ್ಧಿ, ಔಷಧಿಗೂ ಜಗ್ಗಲಿಲ್ಲ.

ಒಂದು ದಿನ ಕ್ಯಾರಿಯರ್ ಮೇಲೆ ಕೂತು, ಅವನ ಬೆನ್ನಿಗೆ ಹೇಳಿದೆ. "ಅಣ್ಣಾ, ತಪ್ಪಾಯ್ತು."

"ಗಟ್ಯಾಗಿ ಇಡ್ಕೊ. ಬಿದ್ರೆ ಅದ್ಕೂ ನನ್ನೇ ಅಂತೀಯ."

ನನ್ನ ರೋಗ ವಾಸಿಯಾಗುವುದಕ್ಕಿಂತ ಅವನು ನಮ್ಮ ಹೊಸಿಲು ದಾಟುವುದೇ ನನಗೆ ದೊಡ್ಡದಾಗಿತ್ತು.

ಕಳೆದ ಸೋಮವಾರ ರಿಪೋರ್ಟ್ ಬಂತು. ನೆಗೆಟಿವ್. ಮಾತ್ರೆ ಇನ್ನೂ ಒಂದು ವರ್ಷ ನುಂಗಬೇಕು, ಕೆಲಸಕ್ಕೆ ಹೋಗಬಹುದು. ಡಾಕ್ಟರು ಫಿಟ್‌ನೆಸ್ ಸರ್ಟಿಫಿಕೇಟಿಗೆ ಸಹಿ ಮಾಡಿ, ಹತ್ತಿರ ನಿಂತಿದ್ದ ಅಣ್ಣನ ಕೈಗೆ ಕೊಟ್ಟರು. ಇಂಗ್ಲಿಷ್ ಓದಲು ಬಾರದ ಅಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಚಿ ನನ್ನ ಜೇಬಿಗೆ ತುರುಕಿದ.

"ಡಾಕ್ಟ್ರು ಸರ್ಟಿಪಿಕೇಟು ಕೊಟ್ರು. ನಾನಿನ್ನೂ ಕೊಟ್ಟಿಲ್ಲ ಕಣೋ. ನಡಿ ನಿಮ್ಮನೇಗೆ, ಒಟ್ಟೆ ಅಸಿತದೆ."