ಕ್ಯಾನಾಟಿನ ಬಾಲ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದೊಡ್ಡಕ್ಕ ಇಪ್ಪತ್ತು ವರ್ಷ ಕೈ ಸವೆಸಿದ್ದಳು. ಹೊಸ ಯಂತ್ರ ಬಂದ ದಿನ ಮೇಲ್ವಿಚಾರಕ ಅವಳ ಮುಂದೆ ಇಂಗ್ಲಿಷಿನ ಕಾಗದವೊಂದನ್ನು ಹಿಡಿದ.

"ಇದು ನಿನ್ನ ಕೈಲಾಗೋ ಕೆಲಸ ಅಲ್ಲಮ್ಮ. ಸೈನ್ ಹಾಕು, ನಾಳೆಯಿಂದ ನೆಲ ಒರೆಸು."

ದೊಡ್ಡಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಐ ಕ್ಯಾನಾಟ್ ರನ್ ದಿಸ್ ಮಷೀನ್."

ಇಂಗ್ಲಿಷ್ ಕಲಿಸುತ್ತಿದ್ದ ಸೊಸೆಯ ಮಾತು ನೆನಪಾಯಿತು: "ಕ್ಯಾನ್ ಅಂದ್ರೆ ಆಗುತ್ತೆ ಅತ್ತೆ. ಬಾಲಕ್ಕೆ ನಾಟ್ ಅಂಟಿಕೊಂಡ್ರೆ ಆಗಲ್ಲ."

ಅವಳು ಪೆನ್ನು ಇಸಿದುಕೊಂಡು ಬಾಲದ ಮೂರಕ್ಷರವನ್ನು ಒತ್ತಿ ಹೊಡೆದುಹಾಕಿದಳು. ಆಮೇಲೆ ಕೆಳಗೆ ನಿಧಾನವಾಗಿ, ದುಂಡಗೆ ಸೈನ್ ಹಾಕಿದಳು.

"ಏನಮ್ಮಾ ಇದು?" ಎಂದು ಅವನು ಕೂಗಿದ.

"ಸೈನ್ ಹಾಕು ಅಂದ್ರಲ್ಲ ಸಾರ್, ಹಾಕಿದೀನಿ. ಬಾಲ ಮಾತ್ರ ಕತ್ತರಿಸಿದೀನಿ. ಈಗ ಯಾವ ಗುಂಡಿ ಒತ್ತಬೇಕು, ತೋರಿಸಿ."