ಕೈ ಎತ್ತದ ಹುಡುಗಿ

ಪೌರನೀತಿ ಕಲಿಸುವ ಆಕೆಗೆ ಶಾಲೆಯ ಮಕ್ಕಳು ಇಟ್ಟ ಹೆಸರು ನೆಟ್ಟಗೆ ಟೀಚರ್. ಮಾತೆತ್ತಿದರೆ ‘ನೆಟ್ಟಗೆ ಹೇಳು’ ಎನ್ನುತ್ತಿದ್ದರು, ಅದಕ್ಕೆ. ಬೀದಿಯಲ್ಲಿ ಸಿಪ್ಪೆ ಎಸೆದವರಿಂದಲೇ ಅದನ್ನು ಎತ್ತಿಸಿದವರು, ಸಾಲು ತಪ್ಪಿಸಿ ನುಗ್ಗಿದವರ ಗ್ರಹಚಾರ ಬಿಡಿಸಿದವರು. “ಊರ ಉಸಾಬರಿಯೆಲ್ಲ ನಿಂಗ್ಯಾಕಕ್ಕಾ?” ಎಂದು ತಂಗಿ ಹೇಳಿ ಹೇಳಿ ಸೋತಿದ್ದಳು.

ತರಗತಿಯಲ್ಲಿ ಅವರು ಹಟ ಹಿಡಿದು ಕಲಿಸಿದ್ದು ಒಂದೇ ಮಾತು: ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಅದನ್ನು ಮಕ್ಕಳ ಬಾಯಿಂದ ಹೊರಡಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಪ್ರಶ್ನೆ ಕೇಳಿದರೆ ಮೇಜಿನಡಿ ಮುಖ ಮರೆಸುತ್ತಿದ್ದ ಕಿಟಕಿ ಪಕ್ಕದ ಪುಟ್ಟಿ, ಈಚೆಗಷ್ಟೇ ಎದ್ದು ನಿಂತು “ಗೊತ್ತಿಲ್ಲ ಮಿಸ್” ಎನ್ನಲು ಕಲಿತಿದ್ದಳು. ಆ ದಿನ ಟೀಚರ್ ಮನೆಗೆ ಹೋಗಿ ತಂಗಿಯೆದುರು ಜಂಬ ಕೊಚ್ಚಿಕೊಂಡಿದ್ದರು.

ಅಷ್ಟರಲ್ಲಿ ಶಾಲೆಗೆ ತಪಾಸಣೆ ಬಂತು. ಹೆಡ್‌ಮಾಸ್ಟರು ತರಗತಿಗೇ ಬಂದು ಮಕ್ಕಳಿಗೆ ತಮ್ಮದೊಂದು ಪಾಠ ಹೇಳಿದರು.

“ಟೀಚರ್ ಏನು ಕೇಳಿದ್ರೂ ಎಲ್ರೂ ಕೈ ಎತ್ಬೇಕು. ಗೊತ್ತಿರೋರು ಬಲಗೈ, ಗೊತ್ತಿಲ್ದೋರು ಎಡಗೈ. ಬಲಗೈ ಎತ್ತಿದೋರನ್ನ ಮಾತ್ರ ಎಬ್ಬಿಸ್ತಾರೆ.”

ಟೀಚರ್ ಹೆಡ್‌ಮಾಸ್ಟರನ್ನು ಹೊರಗೆ ತಡೆದು ನಿಲ್ಲಿಸಿದರು. “ಇದು ಮೋಸ ಅಲ್ವಾ ಸರ್?”

“ಒಂದು ದಿನದ ಮಟ್ಟಿಗೆ ನಿಮ್ಮ ನೀತೀನ ಪೆಟ್ಟಿಗೇಲಿಡಿ ತಾಯಿ. ವರದಿ ಕೆಟ್ರೆ ಶಾಲೇನೇ ಮುಚ್ತಾರೆ.”

ಟೀಚರಿಗೆ ಮೈಯೆಲ್ಲ ಉರಿಯಿತು. ಉರಿದು ಏನು ಬಂತು? ಮಕ್ಕಳಿಗೆ ಹಾಗೆ ಮಾಡಿ ಎಂದೂ ಹೇಳಲಿಲ್ಲ, ಮಾಡಬೇಡಿ ಎಂದೂ ಹೇಳಲಿಲ್ಲ.

ಇನ್‌ಸ್ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪ್ರಾಮಾಣಿಕತೆಯ ಪಾಠ ನಡೆಯಲಿ ಎಂದರು. ಬೇರೆ ಯಾವ ಪಾಠವೂ ಹೊಳೆಯಲಿಲ್ಲ ಪುಣ್ಯಾತ್ಮನಿಗೆ! ಟೀಚರ್ ಪ್ರಶ್ನೆ ಕೇಳಿದ್ದೇ ತಡ, ಕೈಗಳು ಮೇಲೆದ್ದವು. ಬಲಗೈ ಎತ್ತಿದವನೊಬ್ಬ ಗಿಣಿಪಾಠ ಒಪ್ಪಿಸಿದ. ತಲೆದೂಗುತ್ತಿದ್ದ ಇನ್‌ಸ್ಪೆಕ್ಟರ ಕಣ್ಣು ಕಿಟಕಿಯ ಕಡೆ ಹೋಯಿತು. ಪುಟ್ಟಿಯ ಎರಡೂ ಕೈ ಮೇಜಿನ ಮೇಲೇ ಇದ್ದವು.

“ನಿಂಗೊಬ್ಳಿಗೇ ಗೊತ್ತಿಲ್ವೇನಮ್ಮ?”

ಪುಟ್ಟಿ ಎದ್ದು ನಿಂತಳು. “ಗೊತ್ತಿಲ್ಲ ಸರ್.”

ಮಕ್ಕಳು ಕಿಸಕ್ಕನೆ ನಕ್ಕರು. ಇನ್‌ಸ್ಪೆಕ್ಟರು ಟೀಚರ್ ಕಡೆ ತಿರುಗಿದರು. “ಈ ಹುಡುಗಿ ತೀರಾ ಹಿಂದಿದ್ದಾಳೆ. ಬೇರೆ ಕೂರಿಸಿ ಹೇಳ್ಕೊಡಿ.”

ಇಡೀ ತರಗತಿಯಲ್ಲಿ ನಿಜ ಹೇಳಿದವಳು ಇವಳೊಬ್ಬಳೇ ಎಂಬ ಮಾತು ಟೀಚರ ನಾಲಿಗೆಯ ತುದಿಗೆ ಬಂತು. ಬಾಗಿಲಲ್ಲಿದ್ದ ಹೆಡ್‌ಮಾಸ್ಟರು ಕೆಮ್ಮಿದರು.

“ಆಗ್ಲಿ ಸರ್,” ಎಂದುಬಿಟ್ಟರು ಟೀಚರ್.

ಗಂಟೆ ಹೊಡೆಯಿತು, ಶಾಲೆ ಉಳಿಯಿತು, ಹೆಡ್‌ಮಾಸ್ಟರು ಕೈ ಮುಗಿದರು. ಟೀಚರಿಗೆ ಅವರ ಮೇಲೆ, ಇನ್‌ಸ್ಪೆಕ್ಟರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ರೇಗುತ್ತಿತ್ತು. ಕೋಣೆ ಖಾಲಿಯಾದ ಮೇಲೆ ಪುಟ್ಟಿ ಟೀಚರ ಮೇಜಿನ ಹತ್ತಿರ ಬಂದಳು. ಅತ್ತಿರಲಿಲ್ಲ. ಅವಳು ಬೈದಿದ್ದರೂ ಟೀಚರ್ ತಡೆದುಕೊಳ್ಳುತ್ತಿದ್ದರೇನೋ.

“ಮಿಸ್, ಮುಂದಿನ ಸಲ ನಾನು ಯಾವ ಕೈ ಎತ್ಲಿ?”