ದೀಪ ಕದ್ದವಳಿಗೆ ಹೊಣೆ ನಿಂತದ್ದು

ತೊಂಬತ್ತರ ದಶಕದ ನಡುವಿನಲ್ಲಿ ನಾವು ಕೊಚ್ಚಿಯ ವೈಟ್ಟಿಲದಲ್ಲಿದ್ದೆವು. ಯಜಮಾನರಿಗೆ ಬ್ಯಾಂಕು, ನನಗೆ ಅಡುಗೆಮನೆ. ಕನ್ನಡ ಮಾತ್ರ ಬಲ್ಲ ಆರೋಪಿಗಳು ಬಂದರೆ ಕೋರ್ಟಿನ ಪ್ರೊಬೇಷನ್ ಆಫೀಸರು ದುಭಾಷಿಯಾಗಲು ನನಗೆ ಹೇಳಿಕಳಿಸುತ್ತಿದ್ದರು. ತರಕಾರಿ ಅಂಗಡಿಯಲ್ಲಿ ಕಲಿತ ನನ್ನ ಮಲಯಾಳಂ ಅಲ್ಲಿಗೆ ಸಾಕಾಗುತ್ತಿತ್ತು. ಸಂಬಳವಿಲ್ಲದ ಆ ಕೆಲಸವನ್ನೂ ದೇವರ ಪುಟ್ಟ ಕೃಪೆಗಳಲ್ಲೊಂದು ಎಂದುಕೊಂಡಿದ್ದೇನೆ.

ಪ್ರೊಬೇಷನ್ ಎಂದರೆ, ಮೊದಲ ಸಲ ತಪ್ಪು ಮಾಡಿದವರನ್ನು ಜೈಲಿಗೆ ಹಾಕದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಆಫೀಸರ ನಿಗಾದಲ್ಲಿ ಬಿಡುವುದು.

ಗಿರಿಜೆಯದು ಅಂಥ ಕೇಸು. ಹಾಸನದ ಕಡೆಯವಳು, ಗಂಡ ಬಿಟ್ಟುಹೋದವಳು. ಕಳಮಶ್ಶೇರಿಯ ವನಜಾಕ್ಷಿಯವರ ಮನೆಯಲ್ಲಿ ಅಡುಗೆಗಿದ್ದಳು. ಊರಿನಲ್ಲಿ ಮಗಳು ಆಸ್ಪತ್ರೆ ಸೇರಿದಳೆಂದು ತಿಳಿದಾಗ ದೇವರಮನೆಯ ಬೆಳ್ಳಿ ದೀಪ ಒಯ್ದು ಅಡವಿಟ್ಟಳು, ಸಿಕ್ಕಿಬಿದ್ದಳು. ತಪ್ಪೊಪ್ಪಿಕೊಂಡಳು; ದೀಪವೂ ಸಿಕ್ಕಿತು.

“ಒರು ವೀಡು ವೇಣಂ ಚೇಚೀ,” ಎಂದರು ಆಫೀಸರು, ಒಂದು ಮನೆ ಬೇಕು ಅಕ್ಕಾ ಎಂದು. ಇರಲೊಂದು ಮನೆ, ಮಾಡಲೊಂದು ಕೆಲಸ ತೋರಿಸದಿದ್ದರೆ ಸೋಮವಾರ ಅವಳು ಜೈಲಿಗೇ ಹೋಗಬೇಕು.

ವನಜಾಕ್ಷಿಯವರು ನಮ್ಮ ಕನ್ನಡ ಮಹಿಳಾ ಕೂಟದ ಅಧ್ಯಕ್ಷೆ. ಹಿಂದಿನ ತಿಂಗಳಷ್ಟೇ ನಮ್ಮನ್ನೆಲ್ಲ ವ್ಯಾನಿನಲ್ಲಿ ತಿರುವನಂತಪುರದ ಜೈಲಿಗೆ ಕರೆದೊಯ್ದು, ಕೈದಿಗಳ ಮನಃಪರಿವರ್ತನೆಗೆಂದು ಭಾಷಣ ಬಿಗಿದಿದ್ದರು. ಮಲಯಾಳಿ ಕೈದಿಗಳಿಗೆ, ಕನ್ನಡದಲ್ಲಿ! ಪಾಪ, ಅವರು ನಾವು ಒಯ್ದ ಬಾಳೆಹಣ್ಣಿನ ಬುಟ್ಟಿ ನೋಡುತ್ತ ಕೂತಿದ್ದರು.

ಗಿರಿಜೆಯನ್ನು ಮತ್ತೆ ಕೆಲಸಕ್ಕಿಟ್ಟುಕೊಳ್ಳಿ ಎಂದು ಕೇಳಲು ನಾನು ಅವರಲ್ಲಿಗೇ ಹೋದೆ.

“ಅಲ್ರೀ ಸಾವಿತ್ರಿ, ಅವಳು ಸುಧಾರಿಸೋದು ಬೇಡ ಅಂತ ನಾನೆಲ್ಲಿ ಅಂದೆ? ಸುಧಾರಿಸ್ಲಿ. ಅಲ್ಲೇ ಇದ್ದು ಸುಧಾರಿಸ್ಲಿ.”

“ಜೈಲಿಗೆ ಹೋಗಿ ಅಷ್ಟೆಲ್ಲ ಹೇಳಿ ಬಂದ್ರಲ್ಲ?”

“ಅದು ಸಮಾಜಸೇವೆ ಕಣ್ರೀ. ಇದು ಮನೆ. ಮಡಿ ಗಿಡಿ ಬೇಡ್ವಾ?”

ಕೂಟದ ಉಳಿದವರದೂ ಅದೇ ರಾಗ. ಲಾಕಪ್ಪು ಕಂಡು ಬಂದವಳ ಕೈ ಸೋಕಿದರೆ ಉಪ್ಪಿನಕಾಯಿ ಬೂಸಲು ಹಿಡಿಯುತ್ತದೆ ಎಂದರು ಒಬ್ಬರು. ಹೆಣ್ಣೊಬ್ಬಳ ಬಾಳು ಕೆಟ್ಟರೂ ಸರಿ, ಇವರ ಭರಣಿ ಕೆಡಬಾರದು. ಅವಳು ಮಾಡಿದ ಹೋಳಿಗೆಯನ್ನು ಎರಡೆರಡು ಸಲ ಬಡಿಸಿಕೊಂಡು ತಿಂದ ಬಾಯಿಗಳವು.

ನಮ್ಮ ಮನೆಯಲ್ಲೂ ಮಡಿಯಿತ್ತು. ಯಜಮಾನರನ್ನು ಕೇಳಿದೆ. “ನಿನ್ನ ದೇವರು ಒಪ್ಪಿದ್ರೆ ನಂದೇನು?” ಎಂದು ಪೇಪರು ಮಗುಚಿದರು. ದೇವರು ಬೇಡವೆನ್ನಲಿಲ್ಲ. ಸೋಮವಾರ ನಮ್ಮ ಮನೆಯ ವಿಳಾಸ ಕೊಟ್ಟು ಯಜಮಾನರು ಜಾಮೀನು ನಿಂತರು.

ಮರುದಿನ ಗಿರಿಜೆ ದೇವರಮನೆಯ ಹೊಸ್ತಿಲಾಚೆಯೇ ನಿಂತಳು. ದೀಪಗಳನ್ನು ತಂದು ಅವಳ ಮುಂದಿಟ್ಟೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಳು. “ನೀವೇ ಹಚ್ಚೀ ಅಮ್ಮಾ,” ಎಂದಳು.

“ನಮ್ಮನೇಲಿ ತೊಳೆದೋರೇ ಹಚ್ಚೋದು. ಒಳಗೆ ಬಾ.”

ಅವಳು ಒಳಗೆ ಬಂದು ಕಡ್ಡಿ ಗೀರಿ ದೀಪ ಹಚ್ಚಿದಳು. ಅಂದಿನಿಂದ ಅದು ಅವಳದೇ ಕೆಲಸ. ಆಫೀಸರು ಆಗಾಗ ಬಂದು, ಅವಳ ಕೈಯ ಕಾಫಿ ಕುಡಿದು, ಒಳ್ಳೆಯ ವರದಿ ಬರೆದರು. ಮಗಳೂ ಗುಣವಾದಳು.

ನವರಾತ್ರಿಗೆ ವನಜಾಕ್ಷಿಯವರು ಬಂದು ದೀಪಕ್ಕೆ ಭಕ್ತಿಯಿಂದ ಕೈಮುಗಿದರು. ಗಿರಿಜೆ ಕುಂಕುಮದ ತಟ್ಟೆ ಹಿಡಿದಾಗ ಹಿಂದೆ ಸರಿದರು. “ನೀವೇ ಕೊಡ್ರೀ ಸಾವಿತ್ರಿ.”

“ನೀವು ಈಗ ಕೈಮುಗಿದ ದೀಪ ಹಚ್ಚಿದ್ದೂ ಅವಳೇ. ಆ ನಮಸ್ಕಾರಾನೂ ವಾಪಸ್ ತಗೋತೀರಾ?” ಎಂದೆ.

ಕುಂಕುಮವಿಲ್ಲದೆಯೇ ಹೋದರು. ಹೋಗಲಿ.

ಕೋರ್ಟಿನ ಸಹವಾಸ ನನಗೆ ಕಲಿಸಿದ್ದು ಇಷ್ಟೇ: ಕೈದಿಗಳನ್ನು ತಿದ್ದಲು ವ್ಯಾನು ಹತ್ತಿ ಹೋಗುವವರ ಭಾಷಣ ಕೇಳಬೇಡಿ, ಅವರ ಅಡುಗೆಮನೆ ಬಾಗಿಲು ನೋಡಿ. ಗಿರಿಜೆಯ ಮುಚ್ಚಳಿಕೆಯ ಅವಧಿ ಸುಸೂತ್ರವಾಗಿ ಮುಗಿಯಿತು. ನಮ್ಮ ಉಪ್ಪಿನಕಾಯಿ ಒಂದು ವರ್ಷವೂ ಕೆಡಲಿಲ್ಲ.